ಐದು ಅಂದ್ರೆ ಐದೇ: ಅಮೆರಿಕದ ಕೌಂಟಿ ಫೇರ್‌ಗೆ ಹಿತ್ತಲ ತರಕಾರಿ ಒಯ್ಯುವುದು ಹೇಗೆ

ಮೊದಲ ವರ್ಷ ನಮ್ಮ ಟೊಮ್ಯಾಟೊ ಸೋತಿದ್ದು ಒಂದು ಕೊಸರಿನಿಂದ. ನಿಯಮದಲ್ಲಿ ‘ಐದು’ ಅಂತ ಇತ್ತು. ಕಾಗದದ ತಟ್ಟೆಯಲ್ಲಿ ಐದು ಹಣ್ಣು ಜೋಡಿಸಿದ್ದೆ. ಪಕ್ಕದಲ್ಲಿ ನಿಂತಿದ್ದ ಅಮ್ಮ, “ಇನ್ನೊಂದು ಇಡೋ, ಕೊಸರು ಇರಲಿ. ಲೆಕ್ಕ ಹಾಕಿ ಕೊಟ್ಟ ಹಾಗೆ ಕಾಣುತ್ತೆ” ಅಂದರು. ಸರಿ, ಆರನೆಯದನ್ನೂ ಇಟ್ಟೆ. ಮಾರನೇ ದಿನ ಹೋಗಿ ನೋಡಿದರೆ ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಒಂದೇ ಸಾಲು. ಎಣಿಕೆ ತಪ್ಪು, ಸ್ಪರ್ಧೆಗೆ ತೆಗೆದುಕೊಂಡಿಲ್ಲ. ಪಕ್ಕದ ತಟ್ಟೆಗೆ ನೀಲಿ ರಿಬ್ಬನ್, ಅಂದರೆ ಮೊದಲ ಬಹುಮಾನ, ಬಿದ್ದಿತ್ತು. ಅದರಲ್ಲಿದ್ದ ಹಣ್ಣುಗಳು ನಮ್ಮದಕ್ಕಿಂತ ಸಣ್ಣವು. “ನಮ್ದು ಇದರಪ್ಪನ ಹಾಗಿತ್ತಲ್ಲೋ” ಅಂತ ಅಮ್ಮ ಮನೆ ಮುಟ್ಟುವವರೆಗೂ ಗೊಣಗಿದರು.

ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಹಿತ್ತಲಲ್ಲಿ ಪಾತಿ ಏಳುತ್ತದೆ. ಜುಲೈ ಹೊತ್ತಿಗೆ ಬದನೆ, ಬೆಂಡೆ, ಟೊಮ್ಯಾಟೊ ಮನೆಯವರು ತಿಂದು ಮುಗಿಸಲಾಗದಷ್ಟು ಬರುತ್ತವೆ. ಆಗ ಯಾರೋ ಒಬ್ಬರು ಕೇಳುತ್ತಾರೆ: “ಇಷ್ಟು ಚೆನ್ನಾಗಿ ಬೆಳೆದಿದೀರಲ್ಲ, ಕೌಂಟಿ ಫೇರ್‌ಗೆ ಯಾಕೆ ಕೊಡಬಾರದು?” ಕೊಡಬಹುದು. ಆದರೆ ಅಲ್ಲಿ ಗೆಲ್ಲುವುದು ಯಾವುದು ಅಂತ ಗೊತ್ತಿಲ್ಲದೆ ಹೋದರೆ ನಮ್ಮ ಕೊಸರಿನ ಕಥೆಯೇ ಆಗುತ್ತದೆ.

ತೇರಿಲ್ಲದ ಜಾತ್ರೆ

ಕೌಂಟಿ ಅಂದರೆ ರಾಜ್ಯದ ಒಳಗಿನ ಆಡಳಿತ ವಿಭಾಗ. ನಮ್ಮ ಜಿಲ್ಲೆ ಇದ್ದ ಹಾಗೆ. ಅಮೆರಿಕದಲ್ಲಿ ಇಂಥವು 3,000ಕ್ಕೂ ಜಾಸ್ತಿ ಇವೆ. ಹೀಗಾಗಿ ಹಲವು ಕೌಂಟಿಗಳು ನಮ್ಮ ಒಂದು ತಾಲ್ಲೂಕಿನಷ್ಟೇ ಇರುತ್ತವೆ.

ಫೇರ್ ಅಂದರೆ ಜಾತ್ರೆ. ದೇವರು, ತೇರು ಇರುವುದಿಲ್ಲ. ಉಳಿದದ್ದೆಲ್ಲ ಇದೆ. ಹಸು, ಕುರಿ, ಹಂದಿಗಳ ಪ್ರದರ್ಶನ, ಟ್ರ್ಯಾಕ್ಟರ್‌ಗಳು, ಜಯಂಟ್ ವೀಲ್, ಎಣ್ಣೆಯಲ್ಲಿ ಕರಿದ ತಿಂಡಿ, ಧೂಳು. ನಮ್ಮ ದನದ ಜಾತ್ರೆಯನ್ನೂ ಕೃಷಿಮೇಳವನ್ನೂ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನವನ್ನೂ ಒಂದೇ ಮೈದಾನಕ್ಕೆ ತಂದರೆ ಹೇಗಿರುತ್ತದೆ, ಹಾಗೆ. ಒಂದು ಮೂಲೆಯಲ್ಲಿ ಉದ್ದನೆ ಶೆಡ್. ಅದರೊಳಗೆ ಮೇಜುಗಳ ಸಾಲು. ಮೇಜಿನ ಮೇಲೆ ತಟ್ಟೆಗಳು. ಜಾಮ್, ಉಪ್ಪಿನಕಾಯಿ, ಕೌದಿ, ಹೂವು, ತರಕಾರಿ. ಎಲ್ಲವೂ ಊರಿನವರೇ ಮಾಡಿದ್ದು, ಬೆಳೆದದ್ದು.

ಇದರ ಶುರುವಾತಿಗೆ ಎಲ್ಕಾನಾ ವಾಟ್ಸನ್ ಅನ್ನುವವರ ಹೆಸರು ಹೇಳುತ್ತಾರೆ. 1807ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನ ಚೌಕದಲ್ಲಿ, ಒಂದು ಎಲ್ಮ್ ಮರದ ಕೆಳಗೆ, ಅವರು ಎರಡು ಮೆರಿನೋ ಕುರಿಗಳನ್ನು ಜನರಿಗೆ ತೋರಿಸಿದರು. ಒಳ್ಳೆಯ ಉಣ್ಣೆಯ ಆ ತಳಿ ಅಲ್ಲಿನ ರೈತರಿಗೆ ಹೊಸದು. ನೋಡಲು ಜನ ಮುಗಿಬಿದ್ದರು. ಎರಡು ಕುರಿಗೇ ಇಷ್ಟು ಜನ ಸೇರಿದರೆ ಊರಿನವರೆಲ್ಲ ತಮ್ಮ ದನ ಕರು ತಂದು ನಿಲ್ಲಿಸಿದರೆ ಹೇಗೆ? 1810ರಲ್ಲಿ ಅದೇ ಊರಲ್ಲಿ ದನಗಳ ಪ್ರದರ್ಶನ ಆಯಿತು. 1811ರಲ್ಲಿ ಬರ್ಕ್‌ಶೈರ್ ಕೃಷಿ ಸಂಘ ಹುಟ್ಟಿತು. ಬಹುಮಾನ, ಮೆರವಣಿಗೆ ಎಲ್ಲ ಸೇರಿಕೊಂಡವು. ಇಡೀ ರಾಜ್ಯಕ್ಕೆ ಅಂತ ನಡೆಯುವ ಸ್ಟೇಟ್ ಫೇರ್ ಬಂದದ್ದು ಆಮೇಲೆ, 1841ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ.

ಇದೊಂದು ಪಾಠ ಹೇಳುವ ವಿಧಾನವೂ ಆಗಿತ್ತು. ‘ಹೀಗೆ ಬೆಳೆಯಿರಿ’ ಅಂತ ರೈತನಿಗೆ ಭಾಷಣ ಮಾಡಿದರೆ ಕೇಳುವುದಿಲ್ಲ. ಪಕ್ಕದ ಮನೆಯವನ ಆಲೂಗಡ್ಡೆಗೆ ಬಹುಮಾನ ಬಂದರೆ ಹೇಳದೆಯೂ ಹೋಗಿ ನೋಡುತ್ತಾನೆ. ಮುಂದೆ ಮಕ್ಕಳನ್ನೂ ಇದಕ್ಕೆ ತಂದರು. 1902ರಲ್ಲಿ ಒಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಎ.ಬಿ. ಗ್ರಹಾಂ ಶುರುಮಾಡಿದ ಮಕ್ಕಳ ಕೃಷಿ ಕೂಟವೇ ಬೆಳೆದು ಇವತ್ತಿನ ಫೋರ್-ಎಚ್ ಸಂಘವಾಗಿದೆ. 1914ರ ಸ್ಮಿತ್-ಲಿವರ್ ಕಾಯ್ದೆ ಕೃಷಿ ವಿಶ್ವವಿದ್ಯಾಲಯಗಳ ತಿಳಿವಳಿಕೆಯನ್ನು ಹಳ್ಳಿಗೆ ಮುಟ್ಟಿಸುವ ಎಕ್ಸ್‌ಟೆನ್ಶನ್ ವ್ಯವಸ್ಥೆಯನ್ನು ತಂದಿತು. ಫೇರ್‌ಗಳ ತರಕಾರಿ ಜಡ್ಜ್‌ಗಳಲ್ಲಿ ಹಲವರು ಇವತ್ತಿಗೂ ಈ ಎಕ್ಸ್‌ಟೆನ್ಶನ್ ಕಡೆಯಿಂದ ತರಬೇತಿ ಪಡೆದವರೇ.

ಪ್ರೀಮಿಯಂ ಬುಕ್ ಓದುವುದು

ಪ್ರೀಮಿಯಂ ಅಂದ ತಕ್ಷಣ ಇನ್ಶೂರೆನ್ಸ್ ಕಂತು ನೆನಪಾಗುತ್ತದೆ, ಅಲ್ವಾ? ಇಲ್ಲಿ ಪ್ರೀಮಿಯಂ ಅಂದರೆ ಬಹುಮಾನದ ಹಣ. ಫೇರ್ ನಡೆಸುವವರು ಪ್ರತಿ ವರ್ಷ ಒಂದು ಪುಸ್ತಕ ಹೊರಡಿಸುತ್ತಾರೆ. ಯಾವ ಸ್ಪರ್ಧೆ, ಯಾರು ಸೇರಬಹುದು, ಎಷ್ಟು ಕಾಯಿ ತರಬೇಕು, ಯಾವ ದಿನ ಎಷ್ಟು ಗಂಟೆಯೊಳಗೆ ತರಬೇಕು ಎಲ್ಲ ಅದರಲ್ಲಿರುತ್ತದೆ. ಈಗ ಹೆಚ್ಚಿನವು ಪಿಡಿಎಫ್ ಆಗಿ ಸಿಗುತ್ತವೆ.

ಮೊದಲ ಸಲ ತೆರೆದಾಗ ತಲೆ ತಿರುಗುತ್ತದೆ. ವಿಷಯ ಸರಳ. ಡಿಪಾರ್ಟ್‌ಮೆಂಟ್ ಅಂದರೆ ದೊಡ್ಡ ವಿಭಾಗ, ಉದಾಹರಣೆಗೆ ತೋಟಗಾರಿಕೆ. ಅದರೊಳಗೆ ಡಿವಿಷನ್, ಅಂದರೆ ತರಕಾರಿ, ಹಣ್ಣು, ಸೊಪ್ಪು, ಅಥವಾ ದೊಡ್ಡವರು, ಮಕ್ಕಳು ಅನ್ನುವ ಹಾಗೆ. ಅದರೊಳಗೆ ಕ್ಲಾಸ್. ಕ್ಲಾಸ್ ಅಂದರೆ ನೀವು ನಿಜವಾಗಿ ಸ್ಪರ್ಧಿಸುವ ಒಂದೊಂದು ಸಾಲು: ‘ಟೊಮ್ಯಾಟೊ, ಕೆಂಪು, 5’, ‘ಟೊಮ್ಯಾಟೊ, ಚೆರ್ರಿ, 12’, ‘ಸೌತೆ, ಹೋಳು ಮಾಡಲು, 3’, ‘ಸೌತೆ, ಉಪ್ಪಿನಕಾಯಿಗೆ, 5’. ಒಂದೇ ತರಕಾರಿಗೆ ನಾಲ್ಕು ಕ್ಲಾಸ್ ಇರಬಹುದು. ಒಳ್ಳೆಯ ಕಾಯಿ ತಪ್ಪು ಕ್ಲಾಸ್‌ಗೆ ಹೋದರೆ ಅಲ್ಲಿಗೆ ಮುಗಿಯಿತು. ಎಣಿಕೆಗಳು ಫೇರ್‌ನಿಂದ ಫೇರ್‌ಗೆ ಬೇರೆ. ಹಾಗಾಗಿ ನಾನಿಲ್ಲಿ ಬರೆದ ಸಂಖ್ಯೆ ನಂಬಿಕೊಂಡು ಹೋಗಬೇಡಿ.

ಟೊಮ್ಯಾಟೊ ಹಣ್ಣೋ ತರಕಾರಿಯೋ ಅಂತ ಮನೆಯಲ್ಲಿ ಜಗಳ ಇದ್ದರೆ, ಫೇರ್‌ನಲ್ಲಿ ಅದು ತರಕಾರಿ. ಇದೇ ಜಗಳ ಆಮದು ಸುಂಕದ ಕಾರಣಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 1893ರಲ್ಲಿ ನ್ಯಾಯಾಲಯ ತರಕಾರಿ ಅಂತಲೇ ಹೇಳಿತು.

ಇನ್ನು ‘ಓಪನ್ ಕ್ಲಾಸ್’. ಅಂದರೆ ಯಾವ ಸಂಘಕ್ಕೂ ಸೇರದವರೂ ಭಾಗವಹಿಸಬಹುದಾದ ಸ್ಪರ್ಧೆ. ನಮ್ಮಂಥವರಿಗೆ ಇದೇ ಬಾಗಿಲು. ಕೆಲವು ಫೇರ್‌ಗಳು ಆ ಕೌಂಟಿಯ ನಿವಾಸಿಗಳಿಗೆ ಮಾತ್ರ, ಇನ್ನು ಕೆಲವು ಎಲ್ಲರಿಗೂ. ಆರು ತಿಂಗಳಿಗೆ ಬಂದ ಅಮ್ಮನ ಹೆಸರಲ್ಲಿ ಕೊಡಬಹುದೇ ಅನ್ನುವುದು ಈ ನಿಯಮದ ಮೇಲೆ ನಿಂತಿದೆ. ಎಲ್ಲ ಕಡೆ ಸಮಾನವಾದ ನಿಯಮ ಒಂದೇ: ಕೊಡುವವರೇ ಬೆಳೆದಿರಬೇಕು. ಅಂಗಡಿಯಿಂದ ತಂದದ್ದು ನಡೆಯುವುದಿಲ್ಲ.

ಹೆಸರು ನೋಂದಾಯಿಸುವ ಕೊನೆಯ ದಿನಕ್ಕೂ ತರಕಾರಿ ತಂದುಕೊಡುವ ದಿನಕ್ಕೂ ಎಷ್ಟೋ ಕಡೆ ವಾರಗಟ್ಟಲೆ ಅಂತರ ಇರುತ್ತದೆ. ನೋಂದಾಯಿಸುವಾಗ ನಿಮ್ಮ ಬದನೆ ಇನ್ನೂ ಹೂವಿನಲ್ಲೇ ಇರಬಹುದು. ಅಲ್ಲಿ ಒಂದು ಉಪಾಯ ಇದೆ. ಶುಲ್ಕ ಇಲ್ಲದಿದ್ದರೆ ಬೆಳೆದಿರುವ ಎಲ್ಲದಕ್ಕೂ ಹೆಸರು ಕೊಟ್ಟುಬಿಡಿ. ಆ ದಿನ ಯಾವುದು ಚೆನ್ನಾಗಿ ಬಂತೋ ಅದನ್ನು ಒಯ್ಯಿರಿ.

ಜಡ್ಜ್ ನೋಡುವುದು ಏನನ್ನು?

ಅಮ್ಮನ ತಕರಾರಿಗೆ ಉತ್ತರ ಇಲ್ಲಿದೆ. ದಪ್ಪಗಿದ್ದರೆ ಗೆಲ್ಲುವುದಿಲ್ಲ. ರುಚಿಯಾಗಿದ್ದರೂ ಗೆಲ್ಲುವುದಿಲ್ಲ, ಯಾಕೆಂದರೆ ತರಕಾರಿಯನ್ನು ಸಾಮಾನ್ಯವಾಗಿ ಯಾರೂ ತಿಂದು ನೋಡುವುದಿಲ್ಲ. ಗೆಲ್ಲುವುದು ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರುವ ಐದು.

ಮದುವೆಯಲ್ಲಿ ತಾಂಬೂಲಕ್ಕೆ ತೆಂಗಿನಕಾಯಿ ಆರಿಸುವುದನ್ನು ನೆನಪಿಸಿಕೊಳ್ಳಿ. ಮೂಟೆಯಲ್ಲಿ ಒಂದು ಭಾರೀ ಕಾಯಿ ಇದ್ದರೆ ಅದನ್ನು ಪಕ್ಕಕ್ಕಿಡುತ್ತೇವೆ. ಒಬ್ಬರಿಗೆ ದೊಡ್ಡದು, ಒಬ್ಬರಿಗೆ ಚಿಕ್ಕದು ಹೋದರೆ ಬೀಗರ ಕಡೆಯವರು ಮೂರು ತಲೆಮಾರು ಮಾತಾಡುತ್ತಾರೆ. ಎಲ್ಲ ಒಂದೇ ಸಮ ಇರಬೇಕು. ಫೇರ್‌ನ ತಟ್ಟೆಯೂ ಹಾಗೇ. ನಾಲ್ಕು ಚೆಂದದ ಹಣ್ಣಿನ ಜೊತೆ ಒಂದು ದೈತ್ಯ ಹಣ್ಣಿಟ್ಟರೆ ಆ ದೈತ್ಯವೇ ಅಂಕ ಕಳೆಯುತ್ತದೆ.

ಯಾಕೆ ಹೀಗೆ? ಗಿಡದಲ್ಲಿ ಒಂದು ಹಣ್ಣು ಸುಮ್ನೆ ಅದೃಷ್ಟಕ್ಕೆ ಚೆನ್ನಾಗಿ ಬರಬಹುದು. ಐದು ಹಣ್ಣು ಒಂದೇ ಬಣ್ಣ, ಒಂದೇ ಆಕಾರ, ಒಂದೇ ಮಾಗು ಇದ್ದರೆ ನೀರು, ಗೊಬ್ಬರ, ಕೊಯ್ಲು ಎಲ್ಲ ಬೆಳೆದವರ ಹಿಡಿತದಲ್ಲಿತ್ತು ಅಂತ ಅರ್ಥ. ಮಾರುಕಟ್ಟೆಗೆ ಪೆಟ್ಟಿಗೆ ತುಂಬುವ ರೈತನಿಗೂ ಬೇಕಾದ್ದು ಅದೇ.

ಜಡ್ಜ್ ಕೆಲಸ ಮಾಡುವುದನ್ನು ನಾನು ಎರಡನೇ ವರ್ಷ ಹತ್ತಿರದಿಂದ ನೋಡಿದೆ. ಕೆಲವು ಕಡೆ ಜನರ ಮುಂದೆಯೇ, ಕಾರಣ ಹೇಳುತ್ತಾ ತೀರ್ಪು ಕೊಡುತ್ತಾರೆ. ವಯಸ್ಸಾದ ಹೆಂಗಸು. ಮೊದಲು ಬಗ್ಗಿ ಮೇಜಿನ ಮಟ್ಟಕ್ಕೆ ಕಣ್ಣು ತಂದರು. ಎತ್ತರ ಒಂದೇ ಇದೆಯಾ ಅಂತ. ಆಮೇಲೆ ಒಂದೊಂದೇ ಟೊಮ್ಯಾಟೊ ಎತ್ತಿ ಬುಡ ಮೇಲೆ ಮಾಡಿದರು. ನಾವು ತಟ್ಟೆಯಲ್ಲಿ ಮುಚ್ಚಿಟ್ಟ ಕಲೆಗಳೆಲ್ಲ ಇರುವುದು ಅಲ್ಲೇ. ಹೆಬ್ಬೆರಳಿಂದ ಹಣ್ಣಿನ ತೊಟ್ಟಿನ ಸುತ್ತ ಮೆಲ್ಲಗೆ ಒತ್ತಿದರು. ಹುರುಳಿಕಾಯಿ ತಟ್ಟೆಯಿಂದ ಒಂದನ್ನು ತೆಗೆದು ಪಟ್ ಅಂತ ಮುರಿದರು. ಪಟ್ ಅಂದರೆ ಹೊಸದು, ಬಾಗಿದರೆ ಹಳೆಯದು. ಮುಸುಕಿನ ಜೋಳದ ಒಂದು ಕಾಳಿಗೆ ಉಗುರು ಚುಚ್ಚಿದರು. ಹಾಲು ಬರಬೇಕು. ನಮ್ಮ ಅಜ್ಜಿಯರು ಸಂತೆಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಅಂಗಡಿಯವನು ಬೈಯುತ್ತಿದ್ದ, ಅಷ್ಟೇ ವ್ಯತ್ಯಾಸ.

ಅವರು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಳತೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕಾಯಿಯ ಸ್ಥಿತಿ: ಹುಳು, ರೋಗ, ಗಾಯ, ಬಾಡು ಇರಬಾರದು. ಹದ: ತಿನ್ನಲು ಸರಿಯಾದ ಹಂತದಲ್ಲಿರಬೇಕು, ಬಲಿತಿರಬಾರದು, ಹೀಚೂ ಆಗಿರಬಾರದು. ಏಕರೂಪ: ಇದನ್ನು ಆಗಲೇ ಹೇಳಿದೆ. ತಳಿಗೆ ತಕ್ಕ ರೂಪ: ಉದ್ದ ಬದನೆಯ ತಳಿ ಉದ್ದವಾಗಿಯೇ, ಗುಂಡು ತಳಿ ಗುಂಡಾಗಿಯೇ ಇರಬೇಕು. ಇದಕ್ಕೇ ಚೀಟಿಯಲ್ಲಿ ತಳಿಯ ಹೆಸರು ಬರೆಯಿರಿ ಅನ್ನುವುದು. ಹೆಸರಿಲ್ಲದಿದ್ದರೆ ಜಡ್ಜ್ ಯಾವುದಕ್ಕೆ ಹೋಲಿಸಬೇಕು? ಗಾತ್ರ ಕೊನೆಗೆ ಬರುತ್ತದೆ. ಅಡುಗೆಗೆ, ಮಾರುಕಟ್ಟೆಗೆ ಒಗ್ಗುವ ಮಧ್ಯಮ ಗಾತ್ರ. ಸೌತೆಯಂತೆ ಉದ್ದಕ್ಕಿರುವ ಕುಂಬಳದ ಜಾತಿಯ ಜುಕಿನಿ ತೋಳಿನಷ್ಟು ಬೆಳೆದರೆ ಅಕ್ಕಪಕ್ಕದವರಿಗೆ ಹಂಚಬಹುದು. ತಟ್ಟೆಗೆ ಬೇಕಾದ್ದು ಆರರಿಂದ ಎಂಟು ಇಂಚಿನದು.

ಯಾರ ತಟ್ಟೆ ಅಂತ ಜಡ್ಜ್‌ಗೆ ಗೊತ್ತಾಗಬಾರದು. ಚೀಟಿಯಲ್ಲಿ ಹೆಸರಿರುವ ಭಾಗವನ್ನು ಮಡಚಿ ಮುಚ್ಚಿರುತ್ತಾರೆ. ತೀರ್ಪು ಮುಗಿದ ಮೇಲೆ ಬಿಚ್ಚುತ್ತಾರೆ.

ದಿನವನ್ನು ಹಿಂದಕ್ಕೆ ಎಣಿಸುವುದು

ಹಿತ್ತಲ ತೋಟದವರು ಬೀಜ ಹಾಕಿ ಮುಂದಕ್ಕೆ ಎಣಿಸುತ್ತಾರೆ. ಫೇರ್‌ಗೆ ಬೆಳೆಯುವವರು ಫೇರ್ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಗೌರಿ ಹಬ್ಬಕ್ಕೆ ಹೂವು ಬರಲಿ ಅಂತ ಸೇವಂತಿಗೆ ನೆಡುವ ರೈತರ ಲೆಕ್ಕವೇ ಇದು.

ಮೊದಲು ನಿಮ್ಮ ಫೇರ್ ಯಾವಾಗ ಅಂತ ನೋಡಿ. ಎಲ್ಲ ಕಡೆ ಒಂದೇ ಕಾಲ ಅಲ್ಲ. ಕನ್ನಡಿಗರು ಜಾಸ್ತಿ ಇರುವ ಜಾಗಗಳನ್ನೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಪ್ಲೆಸಂಟನ್‌ನಲ್ಲಿ ಅಲಮೀಡ ಕೌಂಟಿ ಫೇರ್ ಜೂನ್-ಜುಲೈಯಲ್ಲಿ. ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿ ಫೇರ್, ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿ ಫೇರ್ ಆಗಸ್ಟ್‌ನಲ್ಲಿ. ಲಾಸ್ ಏಂಜಲೀಸ್ ಕೌಂಟಿ ಫೇರ್ ಮೊದಲು ಸೆಪ್ಟೆಂಬರ್‌ನಲ್ಲಿ ಇರುತ್ತಿತ್ತು. 2022ರಿಂದ ಮೇ ತಿಂಗಳಿಗೆ ಬಂದಿದೆ. ಮೇನಲ್ಲಿ ಬದನೆಕಾಯಿ ಎಲ್ಲಿಂದ ತರುವುದು? ಆಗ ಈರುಳ್ಳಿ, ಬಟಾಣಿ, ಸೊಪ್ಪು ನೋಡಿಕೊಳ್ಳಬೇಕು.

ಬೀಜದ ಪೊಟ್ಟಣದ ಹಿಂದೆ ‘ಕೊಯ್ಲಿಗೆ ಇಷ್ಟು ದಿನ’ ಅಂತ ಇರುತ್ತದೆ. ಹುರುಳಿಕಾಯಿಗೆ ಸುಮಾರು 50ರಿಂದ 55, ಸೌತೆ, ಬೆಂಡೆಗೆ 55ರಿಂದ 60, ಕ್ಯಾರೆಟ್‌ಗೆ 70ರ ಸುಮಾರು. ಇವು ನೇರ ಬಿತ್ತನೆಯ ದಿನದಿಂದ ಲೆಕ್ಕ. ಆದರೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿಯ ಪೊಟ್ಟಣದಲ್ಲಿ 75 ಅಂತ ಇದ್ದರೆ ಅದು ಸಸಿಯನ್ನು ನೆಲಕ್ಕೆ ನೆಟ್ಟ ದಿನದಿಂದ. ಅದಕ್ಕೂ ಮೊದಲು ಮನೆಯೊಳಗೆ ಸಸಿ ಮಾಡಲು ಆರರಿಂದ ಎಂಟು ವಾರ ಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಎರಡು ತಿಂಗಳು ತಪ್ಪಿಸಿಕೊಳ್ಳುತ್ತಾರೆ.

ಉತ್ತರದ ರಾಜ್ಯಗಳಲ್ಲಿ ಇನ್ನೊಂದು ಗೋಡೆ ಇದೆ. ಫ್ರಾಸ್ಟ್, ಅಂದರೆ ಇಬ್ಬನಿ ಹೆಪ್ಪುಗಟ್ಟುವ ಚಳಿ. ಒಂದೇ ರಾತ್ರಿಯಲ್ಲಿ ಎಳೆ ಟೊಮ್ಯಾಟೊ ಸಸಿ ಕಪ್ಪಾಗುತ್ತದೆ. ಕೊನೆಯ ಫ್ರಾಸ್ಟ್ ಮುಗಿಯುವುದು ಕೆಲವೆಡೆ ಏಪ್ರಿಲ್ ಕೊನೆ, ಕೆಲವೆಡೆ ಮೇ ಕೊನೆ. ಅದಕ್ಕಿಂತ ಮುಂಚೆ ನೆಡುವ ಹಾಗಿಲ್ಲ.

ಇಷ್ಟಾದರೂ ಹವೆ ನಮ್ಮ ಮಾತು ಕೇಳುವುದಿಲ್ಲ. ಅದಕ್ಕೆ ಹುರುಳಿಕಾಯಿ, ಸೌತೆಯಂಥವನ್ನು ವಾರಕ್ಕೊಂದು ಸಾಲಿನಂತೆ ಮೂರು ಸಲ ಬಿತ್ತಿ. ಯಾವುದೋ ಒಂದು ಸಾಲು ಆ ವಾರಕ್ಕೆ ಸರಿಯಾಗಿ ಹದಕ್ಕೆ ಬರುತ್ತದೆ.

ಗಿಡದಲ್ಲೇ ಗೆಲ್ಲಬೇಕಾದ್ದು

ಐದು ಒಂದೇ ತರದ ಹಣ್ಣು ಬೇಕಾದರೆ ಆರಿಸಲು ಇಪ್ಪತ್ತಾದರೂ ಇರಬೇಕು. ಆರು ತಳಿಯ ಒಂದೊಂದು ಗಿಡ ನೆಡುವ ಬದಲು ಒಂದೇ ತಳಿಯ ನಾಲ್ಕು ಗಿಡ ನೆಡಿ. ಹೈಬ್ರಿಡ್ ತಳಿಯ ಹಣ್ಣುಗಳು ಹೆಚ್ಚು ಏಕರೂಪವಾಗಿ ಬರುತ್ತವೆ. ಏರ್‌ಲೂಮ್ ಅನ್ನುವ ನಾಟಿ ತಳಿಗಳು ತಮ್ಮಿಷ್ಟದ ಆಕಾರದಲ್ಲಿ ಬರುತ್ತವೆ. ಅವುಗಳಿಗೆ ಎಷ್ಟೋ ಫೇರ್‌ಗಳಲ್ಲಿ ಬೇರೆ ಕ್ಲಾಸ್ ಇದೆ.

ಕಾಯಿಯ ಮೇಲಿನ ಕಲೆಗಳಲ್ಲಿ ಅರ್ಧಕ್ಕರ್ಧ ನೀರಿನ ತಪ್ಪು. ಟೊಮ್ಯಾಟೊ ಬುಡದಲ್ಲಿ ಕಪ್ಪಗೆ ಚರ್ಮದಂತೆ ಆಗುವುದನ್ನು ನೋಡಿರುತ್ತೀರಿ. ಹಣ್ಣಿಗೆ ಸುಣ್ಣದಂಶ ಮುಟ್ಟದೆ ಹಾಗಾಗುತ್ತದೆ. ಹೆಚ್ಚಿನ ಸಲ ಮಣ್ಣಿನಲ್ಲಿ ಸುಣ್ಣ ಇರುತ್ತದೆ. ಅದನ್ನು ಮೇಲಕ್ಕೆ ಒಯ್ಯುವುದು ನೀರು. ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸಿದರೆ ಆ ಸಾಗಾಟ ತಪ್ಪುತ್ತದೆ. ಹಣ್ಣು ಬಿರಿಯುವುದಕ್ಕೂ ಇದೇ ಕಾರಣ. ಒಣಗಿದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕರೆ ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ. ಬುಡಕ್ಕೆ ಹುಲ್ಲಿನ ಹೊದಿಕೆ ಹಾಕಿ ದಿನಾ ಹದವಾಗಿ ನೀರು ಕೊಟ್ಟರೆ ಎರಡೂ ಕಡಿಮೆಯಾಗುತ್ತವೆ.

ಸೌತೆಯನ್ನು ನೆಲದ ಮೇಲೆ ಬಿಟ್ಟರೆ ಡೊಂಕಾಗುತ್ತದೆ, ಒಂದು ಪಕ್ಕ ಬಿಳಿಚುತ್ತದೆ. ಚಪ್ಪರಕ್ಕೆ ಹಬ್ಬಿಸಿದರೆ ತನ್ನ ತೂಕಕ್ಕೆ ತಾನೇ ನೇರ ಇಳಿಯುತ್ತದೆ. ತುದಿ ಸಣ್ಣ, ಬುಡ ದಪ್ಪ ಆಗಿದ್ದರೆ ಜೇನುನೊಣ ಸರಿಯಾಗಿ ಬಂದಿಲ್ಲ ಅಂತ. ಕ್ಯಾರೆಟ್ ಎರಡು ಕಾಲು ಬಿಟ್ಟಿದ್ದರೆ ಮಣ್ಣಿನಲ್ಲಿ ಕಲ್ಲಿದೆ, ಇಲ್ಲವೇ ಹಸಿ ಗೊಬ್ಬರ ಹಾಕಿದ್ದೀರಿ. ಆಲೂಗಡ್ಡೆಗೆ ಬಿಸಿಲು ತಗಲಿದರೆ ಹಸಿರಾಗುತ್ತದೆ, ಅದು ತಿನ್ನಲೂ ಒಳ್ಳೆಯದಲ್ಲ. ಬುಡಕ್ಕೆ ಮಣ್ಣು ಏರಿಸುತ್ತಿರಿ. ಬದನೆಯ ನುಣುಪು ಮೈಮೇಲೆ ಕಂದು ಗೀರು ಬರುವುದು ಗಾಳಿಗೆ ಎಲೆಯೋ ಕೊಂಬೆಯೋ ಉಜ್ಜಿ. ಆರಿಸಿಕೊಂಡ ಕಾಯಿಗೆ ತಾಗುವ ಎಲೆ ಮಾತ್ರ ಚಿವುಟಿಬಿಡಿ.

ಕೊಯ್ಯುವ ವಾರ

ಬೆಂಡೆಕಾಯಿಯಿಂದ ಶುರುಮಾಡುತ್ತೇನೆ. ನಮ್ಮ ಮನೆಗೆ ಮೊದಲ ರಿಬ್ಬನ್ ತಂದದ್ದು ಅದೇ. ಹೂವು ಅರಳಿದ ನಾಲ್ಕರಿಂದ ಆರು ದಿನಕ್ಕೆ ಬೆಂಡೆ ಕೊಯ್ಲಿಗೆ ಬರುತ್ತದೆ. ಫೇರ್‌ಗೆ ಐದು ದಿನ ಇರುವಾಗ ಗಿಡದಲ್ಲಿರುವ ಎಲ್ಲ ಕಾಯಿ ಕಿತ್ತುಬಿಡಿ, ಚಿಕ್ಕದನ್ನೂ ಬಿಡದೆ. ಆಮೇಲೆ ಬಂದದ್ದೆಲ್ಲ ಒಂದೇ ವಯಸ್ಸಿನದು. ಮೂರು ಮೂರೂವರೆ ಇಂಚಿನ ಎಳೆಕಾಯಿ ಹತ್ತು ಹನ್ನೆರಡು ಆರಿಸಲು ಕಷ್ಟವೇ ಇಲ್ಲ. ತುದಿ ಮುರಿದು ನೋಡಬೇಡಿ! ಸಂತೆಯ ಅಭ್ಯಾಸ ಕೈಬಿಡುವುದಿಲ್ಲ, ಗೊತ್ತು. ತುದಿ ಮುರಿದ ಬೆಂಡೆ ಲೆಕ್ಕಕ್ಕಿಲ್ಲ.

ಟೊಮ್ಯಾಟೊ ಎಲ್ಲ ಗಿಡದಲ್ಲೇ ಒಂದೇ ದಿನ ಕೆಂಪಾಗುವುದಿಲ್ಲ. ನಸುಗೆಂಪು ತಿರುಗಿದಾಗಲೇ ಕಿತ್ತು ಮನೆಯೊಳಗೆ ಹಣ್ಣು ಮಾಡಿ. ಫ್ರಿಜ್‌ನಲ್ಲಿ ಬೇಡ, ಬಿಸಿಲಲ್ಲೂ ಬೇಡ. 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಂಪು ಬಣ್ಣ ಸರಿಯಾಗಿ ಕೂರುವುದಿಲ್ಲ, ಹಣ್ಣು ಕಿತ್ತಳೆಯಾಗಿಯೇ ಉಳಿಯುತ್ತದೆ. ಅದಕ್ಕೇ ಸುಡುಬಿಸಿಲಿನ ವಾರದಲ್ಲಿ ಒಳಗೆ ಹಣ್ಣಾದದ್ದೇ ಚೆನ್ನಾಗಿ ಕಾಣುತ್ತದೆ. ದೊಡ್ಡ ಟೊಮ್ಯಾಟೊಗೆ ಸಾಮಾನ್ಯವಾಗಿ ತೊಟ್ಟು ತೆಗೆಯಬೇಕು. ಇಲ್ಲದಿದ್ದರೆ ಒಂದರ ತೊಟ್ಟು ಇನ್ನೊಂದಕ್ಕೆ ಚುಚ್ಚುತ್ತದೆ.

ಬದನೆ, ಕ್ಯಾಪ್ಸಿಕಂ, ಕುಂಬಳಕ್ಕೆ ಇದರ ತದ್ವಿರುದ್ಧ. ತೊಟ್ಟು ಇರಲೇಬೇಕು. ಕಿತ್ತುಬಂದರೆ ಆ ಗಾಯದಿಂದಲೇ ಕೊಳೆಯಲು ಶುರುವಾಗುತ್ತದೆ. ಕೈಯಿಂದ ತಿರುಚದೆ ಕತ್ತರಿ ಹಾಕಿ, ತಟ್ಟೆಯ ಎಲ್ಲ ಕಾಯಿಗೂ ಒಂದೇ ಉದ್ದ ಬಿಡಿ. ಕ್ಯಾರೆಟ್‌ಗೆ ಮೇಲಿನ ಸೊಪ್ಪನ್ನು ಒಂದು ಇಂಚು ಬಿಟ್ಟು ಕತ್ತರಿಸಿ.

ತೊಳೆಯುವ ವಿಷಯದಲ್ಲಿ ನಮ್ಮವರು ಎಡವುತ್ತಾರೆ. ನಾವು ಎಲ್ಲವನ್ನೂ ಉಜ್ಜಿ ತೊಳೆಯುವವರು. ಆಲೂಗಡ್ಡೆ ಉಜ್ಜಿದರೆ ತೆಳು ಸಿಪ್ಪೆ ಸುಲಿಯುತ್ತದೆ. ಒಣಗಿದ ಮಣ್ಣನ್ನು ಮೆದು ಬ್ರಷ್‌ನಿಂದ ಉದುರಿಸಿದರೆ ಸಾಕು. ಈರುಳ್ಳಿ, ಬೆಳ್ಳುಳ್ಳಿಗೆ ನೀರೇ ಬೇಡ. ನೆರಳಲ್ಲಿ, ಗಾಳಿಯಾಡುವ ಕಡೆ ಎರಡು ಮೂರು ವಾರ ಒಣಗಿಸಿ. ಬೆಳ್ಳಗೆ ಹೊಳೆಯಲಿ ಅಂತ ಪದರ ಪದರ ಸುಲಿಯಬೇಡಿ, ಹೊರಗಿನ ಒಣ ಸಿಪ್ಪೆ ಇರಲಿ. ಬದನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಸವರಿ ಮಿಂಚಿಸುವ ಕೆಲಸ ಬೇಡವೇ ಬೇಡ, ಅದು ಗೊತ್ತಾಗುತ್ತದೆ, ತೆಗೆದುಹಾಕುತ್ತಾರೆ.

ಐದು ಬೇಕಿದ್ದರೆ ಹತ್ತು ಒಯ್ಯಿರಿ. ದಾರಿಯಲ್ಲಿ ಒಂದು ಜಜ್ಜುತ್ತದೆ, ಇನ್ನೊಂದಕ್ಕೆ ಉಗುರು ತಾಗುತ್ತದೆ. ಅಲ್ಲೇ ಮೇಜಿನ ಮುಂದೆ ನಿಂತು ಸಮಸಮ ಆರಿಸಿ. ಕೊಸರು ಕಾರಿನಲ್ಲೇ ಇರಲಿ.

ನಮ್ಮ ತರಕಾರಿಗೆ ಜಾಗ ಎಲ್ಲಿ?

ಹೀರೆ, ಹಾಗಲ, ಪಡವಲ, ಮೆಂತ್ಯ ಸೊಪ್ಪು ಅಂತ ಕ್ಲಾಸ್ ಹುಡುಕಿದರೆ ಸಿಗುವುದು ಅಪರೂಪ. ಪಟ್ಟಿಯ ಕೊನೆಯಲ್ಲಿ ‘ಬೇರೆ ಯಾವುದೇ ತರಕಾರಿ’ ಅಂತ ಒಂದು ಸಾಲು ಇರುತ್ತದೆ. ನಮ್ಮದೆಲ್ಲ ಅಲ್ಲಿಗೆ. ಅಲ್ಲಿ ಹಾಗಲಕಾಯಿ ಯಾರದೋ ಕೊಹ್ಲ್‌ರಾಬಿ, ಅಂದರೆ ನಮ್ಮ ನವಿಲುಕೋಸಿನ ಜೊತೆ ಸ್ಪರ್ಧಿಸಬೇಕಾಗುತ್ತದೆ. ಚೀಟಿಯಲ್ಲಿ ತರಕಾರಿಯ ಇಂಗ್ಲಿಷ್ ಹೆಸರು, ತಳಿ ಎರಡನ್ನೂ ಬರೆಯುವುದು ಒಳ್ಳೆಯದು. ಹೀರೆಕಾಯಿಯ ಏಣು ಇರಬೇಕಾದ್ದೇ, ಅದು ದೋಷ ಅಲ್ಲ ಅಂತ ಜಡ್ಜ್‌ಗೆ ತಿಳಿಯಬೇಕಲ್ಲ.

ಅವರೆಯ ಆಸೆ ಮಾತ್ರ ಉತ್ತರದ ರಾಜ್ಯಗಳಲ್ಲಿ ಕಷ್ಟ. ನಮ್ಮ ಸಾಂಪ್ರದಾಯಿಕ ಅವರೆ ತಳಿಗಳು ಹಗಲು ಚಿಕ್ಕದಾದ ಮೇಲೇ ಹೂ ಬಿಡುವಂಥವು. ಊರಲ್ಲಿ ಸೊಗಡವರೆ ಚಳಿಗಾಲಕ್ಕೆ ಬರುವುದು ಅದಕ್ಕೇ. ಅಮೆರಿಕದ ಉತ್ತರದಲ್ಲಿ ಬೇಸಿಗೆಯ ಹಗಲು ಹದಿನೈದು ಗಂಟೆ. ಬಳ್ಳಿ ಮನೆ ಮಾಡಿನವರೆಗೂ ಹಬ್ಬುತ್ತದೆ, ಹೂ ಬರುವ ಹೊತ್ತಿಗೆ ಫೇರ್ ಮುಗಿದು ಚಳಿ ಬಾಗಿಲಲ್ಲಿರುತ್ತದೆ. ಈರುಳ್ಳಿಗೂ ಇಂಥದೇ ಗುಣ ಇದೆ. ಉತ್ತರಕ್ಕೆ ಬೇರೆ ತಳಿ, ದಕ್ಷಿಣಕ್ಕೆ ಬೇರೆ. ಪೊಟ್ಟಣದ ಮೇಲೆ ಲಾಂಗ್ ಡೇ, ಶಾರ್ಟ್ ಡೇ ಅಂತ ಇರುವುದು ಈ ಲೆಕ್ಕ.

ಬೀಜದ ಬಗ್ಗೆ ಒಂದು ಮಾತು. ಸೀರೆ ಮಡಿಕೆಯ ನಡುವೆ ಬೀಜದ ಪೊಟ್ಟಣ ಇಟ್ಟುಕೊಂಡು ಬರುವ ಅಮ್ಮಂದಿರಿದ್ದಾರೆ. ಅಮೆರಿಕಕ್ಕೆ ಬಿತ್ತನೆ ಬೀಜ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರವೋ ಅನುಮತಿಯೋ ಬೇಕು. ಹೇಳದೆ ತಂದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳಬಹುದು, ದಂಡವೂ ಬೀಳಬಹುದು. ಬೆಂಡೆ, ಹೀರೆ, ಹಾಗಲದ ಬೀಜ ಅಮೆರಿಕದಲ್ಲೇ ಮಾರಾಟಕ್ಕೆ ಸಿಗುತ್ತದೆ.

ರಿಬ್ಬನ್‌ನ ಬಣ್ಣ

ಅಮೆರಿಕದಲ್ಲಿ ನೀಲಿ ಮೊದಲನೆಯದು, ಕೆಂಪು ಎರಡನೆಯದು, ಬಿಳಿ ಮೂರನೆಯದು. ಗಡಿ ದಾಟಿ ಕೆನಡಾಗೆ ಹೋದರೆ ಕೆಂಪೇ ಮೊದಲು. ಟೊರಾಂಟೊದ ನೆಂಟರು ಕೆಂಪು ರಿಬ್ಬನ್ ತೋರಿಸಿದರೆ ‘ಪಾಪ, ಎರಡನೇದು’ ಅನ್ನಬೇಡಿ.

ತೀರ್ಪಿನಲ್ಲಿ ಎರಡು ಪದ್ಧತಿ ಇವೆ. ಒಂದರಲ್ಲಿ ತಟ್ಟೆಗಳನ್ನು ಒಂದಕ್ಕೊಂದು ಹೋಲಿಸಿ ಒಂದು, ಎರಡು, ಮೂರು ಅಂತ ಕೊಡುತ್ತಾರೆ. ಇದು ರ‍್ಯಾಂಕ್ ಇದ್ದ ಹಾಗೆ. ಇನ್ನೊಂದು ಡ್ಯಾನಿಶ್ ಪದ್ಧತಿ. ಅದು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಇದ್ದ ಹಾಗೆ. ಅಳತೆಗೆ ಮುಟ್ಟಿದವರಿಗೆಲ್ಲ ನೀಲಿ. ಹತ್ತು ತಟ್ಟೆಯೂ ಚೆನ್ನಾಗಿದ್ದರೆ ಹತ್ತಕ್ಕೂ ನೀಲಿ, ಯಾವುದೂ ಚೆನ್ನಾಗಿಲ್ಲದಿದ್ದರೆ ಯಾರಿಗೂ ಇಲ್ಲ. ಮಕ್ಕಳ ಫೋರ್-ಎಚ್ ಸ್ಪರ್ಧೆಗಳಲ್ಲಿ ಇದು ಜಾಸ್ತಿ. ಎಲ್ಲ ಕ್ಲಾಸ್‌ಗಳ ಗೆದ್ದವುಗಳಲ್ಲಿ ಒಂದನ್ನು ಆರಿಸಿ ‘ಬೆಸ್ಟ್ ಆಫ್ ಶೋ’ ಅಂತ ಕೊಡುವ ದೊಡ್ಡ ಹೂವಿನಾಕಾರದ ರಿಬ್ಬನ್ ಬೇರೆ.

ದುಡ್ಡು? ಮೊದಲ ಬಹುಮಾನವೂ ಬೆರಳೆಣಿಕೆಯ ಡಾಲರ್. ಪೆಟ್ರೋಲಿಗೆ ಸಾಲದು.

ತೂಕವೇ ಎಲ್ಲ ಆಗುವ ಒಂದು ಕಡೆ

ಗಾತ್ರಕ್ಕೆ ಬೆಲೆ ಇಲ್ಲ ಅಂದೆನಲ್ಲ, ದೈತ್ಯ ಕುಂಬಳಕಾಯಿ ಅದಕ್ಕೆ ಹೊರತು. ಅಲ್ಲಿ ಆಕಾರ, ಬಣ್ಣ ಯಾವುದನ್ನೂ ಕೇಳುವುದಿಲ್ಲ. ತೂಗುತ್ತಾರೆ, ಅಷ್ಟೇ. ಕೆನಡಾದ ನೋವಾ ಸ್ಕೋಷಿಯಾದ ಹೋವರ್ಡ್ ಡಿಲ್ ಅಭಿವೃದ್ಧಿಪಡಿಸಿದ ಅಟ್ಲಾಂಟಿಕ್ ಜಯಂಟ್ ತಳಿಯೇ ಈ ದೈತ್ಯಗಳಿಗೆ ಮೂಲ. 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಲ್ಲಿ ಮಿನ್ನೆಸೋಟದ ಟ್ರಾವಿಸ್ ಗೀಂಗರ್ ತಂದ ಕುಂಬಳ 2,749 ಪೌಂಡ್, ಅಂದರೆ ಸುಮಾರು 1,247 ಕಿಲೋ ತೂಗಿತು. ಆಗ ಅದು ವಿಶ್ವದಾಖಲೆ. ಅದರ ಚಿತ್ರ ತೋರಿಸಿದಾಗ ಅಮ್ಮ, “ಇದಕ್ಕೆ ಹೊಟ್ಟೆನೋವು ಬಂದ ಹಾಗಿದೆ” ಅಂದರು.

ವಾಪಸ್ ತರುವ ದಿನ

ಗೆದ್ದರೂ ಸೋತರೂ ತಟ್ಟೆ ಫೇರ್ ಮುಗಿಯುವವರೆಗೂ ಅಲ್ಲೇ ಇರಬೇಕು. ಮಧ್ಯದಲ್ಲಿ ತೆಗೆಯುವ ಹಾಗಿಲ್ಲ. ತೀರಾ ಕೊಳೆತದ್ದನ್ನು ಅವರೇ ತೆಗೆಯುತ್ತಾರೆ. ಕೊನೆಯ ದಿನ ನಿಗದಿ ಮಾಡಿದ ಗಂಟೆಯೊಳಗೆ ಹೋಗಿ ಚೀಟಿ, ರಿಬ್ಬನ್ ತೆಗೆದುಕೊಳ್ಳಬೇಕು. ಹೋಗದಿದ್ದರೆ ತರಕಾರಿ ಕಾಂಪೋಸ್ಟ್‌ಗೆ. ಚೀಟಿಯನ್ನು ಬಿಸಾಡಬೇಡಿ. ಅದರ ಹಿಂದೆ ಜಡ್ಜ್ ಒಂದೆರಡು ಪದ ಬರೆದಿದ್ದರೆ ಮುಂದಿನ ವರ್ಷದ ಪಾಠ ಅದೇ.

ನಮ್ಮ ಬೆಂಡೆಗೆ ಬಿಳಿ ರಿಬ್ಬನ್, ಮೂರನೇ ಸ್ಥಾನ. ಚೀಟಿಯಲ್ಲಿ ‘ತೊಟ್ಟು ಒಂದೇ ಉದ್ದ ಇಲ್ಲ’ ಅಂತ ಬರೆದಿತ್ತು. ಅಮ್ಮ ರಿಬ್ಬನ್ ಕಡೆ ನೋಡಲೇ ಇಲ್ಲ. ಒಂದು ವಾರ ಶೆಡ್ಡಿನ ಸೆಕೆಯಲ್ಲಿ ಕೂತು ಸುಕ್ಕಾಗಿ ಕಪ್ಪಿಟ್ಟಿದ್ದ ಹತ್ತು ಕಾಯಿಗಳನ್ನು ಅಂಗೈ ಮೇಲೆ ಇಟ್ಟುಕೊಂಡು, “ಅಯ್ಯೋ, ಒಂದು ಹೊತ್ತಿನ ಗೊಜ್ಜು ಆಗ್ತಿತ್ತಲ್ಲೋ” ಅಂದರು.